ಗಣಿಯ ವಜ್ರ, ಲ್ಯಾಬ್ ವಜ್ರ, ಮೊಯಿಸನೈಟ್: ಮೂರನ್ನೂ ಕಿವಿಗೆ ಹಾಕಿ ನೋಡಿದ ಮೇಲೆ

ನಾದಿನಿಯ ಮಗಳ ಮದುವೆ ಹತ್ತಿರ ಬಂದಿದೆ. ವಜ್ರದ ಓಲೆ ಕೊಡಬೇಕು ಅಂತ ಎರಡು ತಿಂಗಳಿಂದ ಚಿಕ್ಕಪೇಟೆ, ಜಯನಗರ ಅಂತ ಅಂಗಡಿ ಸುತ್ತುತ್ತಿದ್ದಾಳೆ. ಒಂದು ಭಾನುವಾರ ಮನೆಗೆ ಬಂದವಳು, "ಅತ್ತಿಗೆ, ನೀವು ಮೂರು ಥರದ್ದೂ ಹಾಕಿದ್ದೀರಲ್ಲ, ಯಾವುದು ತಗೊಳ್ಳಲಿ ಹೇಳಿಬಿಡಿ" ಅಂದಳು.

ಹೇಳುವುದಕ್ಕಿಂತ ತೋರಿಸುವುದೇ ಸುಲಭ. ಮೂರೂ ಜೊತೆ ಓಲೆ ತೊಳೆದು, ಒರೆಸಿ, ಬಿಳಿ ಪಂಚೆಯ ತುಂಡಿನ ಮೇಲೆ ಸಾಲಾಗಿ ಇಟ್ಟೆ. ಎಲ್ಲವೂ ಒಂಟಿ ಕಲ್ಲಿನವು, ಕಲ್ಲಿನ ಅಗಲ 4.3 ಮಿಲಿಮೀಟರ್. 2019ರಲ್ಲಿ ಕೊಂಡ ಗಣಿಯ ವಜ್ರ, 2022ರಲ್ಲಿ ಕೊಂಡ ಲ್ಯಾಬ್ ವಜ್ರ, ಅಂದರೆ ಯಂತ್ರದಲ್ಲಿ ಬೆಳೆಸಿದ್ದು, ಮತ್ತು ಪ್ರಯಾಣಕ್ಕೆ ಇರಲಿ ಅಂತ ತರಿಸಿದ ಮೊಯಿಸನೈಟ್, ವಜ್ರದ ಹಾಗೆ ಕಾಣುವ ಬೇರೆ ಕಲ್ಲು. ಯಾವುದು ಯಾವುದು ಅಂತ ಹೇಳದೆ ಅತ್ತೆಯನ್ನು ಕರೆದೆ. ಅತ್ತೆಯ ಕಿವಿಯಲ್ಲಿ ಅವರ ಮದುವೆ ಕಾಲದ ಏಳು ಕಲ್ಲಿನ ಓಲೆ ಇದೆ. ವಜ್ರ ನೋಡಿದ ಕಣ್ಣು ಅದು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಕೊನೆಗೆ ಒಂದನ್ನು ಎತ್ತಿ, "ಇದೇ ಅಸಲಿ. ಹೊಳಪು ನೋಡು, ಕಣ್ಣು ಕುಕ್ಕುತ್ತೆ" ಅಂದರು.

ಅವರ ಕೈಯಲ್ಲಿದ್ದದ್ದು 2,400 ರೂಪಾಯಿಯ ಮೊಯಿಸನೈಟ್. ಬೆಳ್ಳಿಗೆ ಚಿನ್ನದ ನೀರು ಹಾಕಿದ್ದು.

ಅತ್ತೆಯದ್ದು ತಪ್ಪಲ್ಲ. ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವುದರಲ್ಲಿ ಮೊಯಿಸನೈಟ್ ವಜ್ರಕ್ಕಿಂತ ಎರಡು ಪಟ್ಟು ಜಾಸ್ತಿ. ಹೆನ್ರಿ ಮೊಯಿಸನ್ ಅನ್ನುವ ಫ್ರೆಂಚ್ ವಿಜ್ಞಾನಿ 1893ರಲ್ಲಿ ಅರಿಜೋನಾದ ಉಲ್ಕೆ ಬಿದ್ದ ಜಾಗದ ಚೂರುಗಳಲ್ಲಿ ಇದನ್ನು ಕಂಡದ್ದು. ಈಗ ಮಾರುವುದೆಲ್ಲ ಕಾರ್ಖಾನೆಯಲ್ಲಿ ಮಾಡಿದ ಸಿಲಿಕಾನ್ ಕಾರ್ಬೈಡ್. ಮನೆಯೊಳಗೆ ಚೆನ್ನಾಗಿಯೇ ಕಾಣುತ್ತದೆ. ಬಿಸಿಲಿಗೆ ಹೋದರೆ ಮಾತ್ರ ಕೆಂಪು, ಹಸಿರು, ನೀಲಿ ಅಂತ ಸಂತೆ ನೆರೆಯುತ್ತದೆ. ನನಗೆ ಅದು ಸ್ವಲ್ಪ ಅತಿ ಅನ್ನಿಸಿತು. ನನ್ನ ಮಗಳಿಗೆ ಅದೇ ಇಷ್ಟ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್‌ನಲ್ಲಿ ಓರೆಯಾಗಿ ನೋಡಿ. ಮೊಯಿಸನೈಟಿನ ಒಳಗೆ, ಹಿಂಬದಿಯ ಗೆರೆಗಳು ಎರಡೆರಡಾಗಿ ಕಾಣುತ್ತವೆ. ವಜ್ರದಲ್ಲಿ ಒಂದೇ ಗೆರೆ. ಇದನ್ನು ಕಲಿತದ್ದು ಒಂದು ತಮಾಷೆಯ ನಂತರ. ಬೇಕಂತಲೇ ಈ ಓಲೆಯನ್ನು ಒಂದು ಅಂಗಡಿಗೆ ಒಯ್ದು ಪರೀಕ್ಷೆ ಮಾಡಿ ಅಂದೆ. ಹುಡುಗ ಪೆನ್ನಿನಂಥ ಯಂತ್ರ ಮುಟ್ಟಿಸಿದ. ಅದು ಬೀಪ್ ಅಂತ ಕೂಗಿ ವಜ್ರ ಅಂತ ದೀಪ ಹಚ್ಚಿತು! ಆ ಪೆನ್ನು ನೋಡುವುದು ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ಮಾತ್ರ. ಆ ವಿಷಯದಲ್ಲಿ ಇವೆರಡೂ ಹತ್ತಿರ ಹತ್ತಿರ. ವಿದ್ಯುತ್ ಹರಿಯುವುದನ್ನೂ ನೋಡುವ ಯಂತ್ರ ಬೇಕು. ಆದ್ದರಿಂದ ಯಾರಾದರೂ ಪೆನ್ನು ಮುಟ್ಟಿಸಿ "ನೋಡಿ ಮೇಡಂ, ಅಸಲಿ" ಅಂದರೆ ತಲೆ ಆಡಿಸಬೇಡಿ. ಅಮೆರಿಕನ್ ಡೈಮಂಡ್ ಅಂತ ಕರೆಯುವ ಕಲ್ಲನ್ನು ಈ ಹೋಲಿಕೆಗೆ ಸೇರಿಸಿಲ್ಲ. ಅದು ದಿನಾ ಹಾಕಿದರೆ ಗೀರು ಬಿದ್ದು ಮಂಕಾಗುತ್ತದೆ.

ಉಳಿದದ್ದು ಗಣಿಯದು ಮತ್ತು ಲ್ಯಾಬಿನದು. ಇಲ್ಲಿ ಲೂಪ್ ಕೂಡ ಕೈಚೆಲ್ಲುತ್ತದೆ. ಎರಡೂ ಇಂಗಾಲವೇ, ಎರಡೂ ಅಷ್ಟೇ ಗಟ್ಟಿ. ಭೂಮಿಯೊಳಗೆ ಕೋಟ್ಯಂತರ ವರ್ಷ ಹಿಡಿದದ್ದು ಯಂತ್ರದಲ್ಲಿ ಕೆಲವು ವಾರ ಹಿಡಿಯುತ್ತದೆ, ಅಷ್ಟೇ. ಅದಕ್ಕೆಂದೇ ಇರುವ ಪರೀಕ್ಷೆಯ ಯಂತ್ರಗಳಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನಾನು ಒಂದು ವಾರ ಒಂದು ಕಿವಿಗೆ ಗಣಿಯದು, ಇನ್ನೊಂದು ಕಿವಿಗೆ ಲ್ಯಾಬಿನದು ಹಾಕಿಕೊಂಡು ಓಡಾಡಿದೆ. ಮನೆಯವರಿರಲಿ, ಸ್ವತಃ ನನಗೇ ಮೂರನೇ ದಿನಕ್ಕೆ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ಮರೆತುಹೋಯಿತು. ಕೊನೆಗೆ ಕಲ್ಲಿನ ಅಂಚಿನಲ್ಲಿ ಲೇಸರಿನಿಂದ ಕೊರೆದ ನಂಬರನ್ನು ಲೂಪ್‌ನಲ್ಲಿ ಹುಡುಕಿ, ಸರ್ಟಿಫಿಕೇಟಿನ ಜೊತೆ ತಾಳೆ ನೋಡಿ ಬೇರೆ ಮಾಡಿದೆ. ಆ ನಂಬರ್ ಇಲ್ಲದಿದ್ದರೆ ಇವತ್ತಿಗೂ ಕಲಸುಮೇಲೋಗರವೇ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮಾರಲು ಹೋದಾಗ ಇದೆ.

ಗಣಿಯ ವಜ್ರ ಎರಡೂ ಸೇರಿ 60 ಸೆಂಟ್. ನೂರು ಸೆಂಟ್ ಅಂದರೆ ಒಂದು ಕ್ಯಾರೆಟ್, 0.2 ಗ್ರಾಂ. 2019ರಲ್ಲಿ ಕಲ್ಲಿಗೇ 78,000 ಕೊಟ್ಟಿದ್ದೆ. ಹೋದ ತಿಂಗಳು ಸುಮ್ನೆ ಕೇಳೋಣ ಅಂತ ಕೊಂಡ ಅಂಗಡಿಗೇ ಹೋದೆ. ಈಗಿನ ದರ 66,000, ಅದರಲ್ಲಿ ನಗದು ಬೇಕಾದರೆ ಶೇಕಡಾ 80, ಅಂದರೆ 52,800. ಅದೂ ಹಳೆಯ ಬಿಲ್ಲು, ಸರ್ಟಿಫಿಕೇಟ್ ಎರಡೂ ಇದ್ದರೆ. ಪಕ್ಕದ ರಸ್ತೆಯ ಇನ್ನೊಂದು ಅಂಗಡಿಯವರು ಕಲ್ಲನ್ನು ಚೆನ್ನಾಗಿಯೇ ನೋಡಿ, 35,000 ಅಂದರು. ಮೇಕಿಂಗ್ ಚಾರ್ಜು, ಶೇಕಡಾ 3ರ ಜಿಎಸ್‌ಟಿ ಎಲ್ಲ ಹೋದದ್ದು ಹೋಯಿತು. ಜೊತೆಗಿದ್ದ ಚಿನ್ನ ಮಾತ್ರ ಏರಿತ್ತು. "ವಜ್ರಕ್ಕೆ ಹಾಕಿದ ದುಡ್ಡು ಎಲ್ಲೂ ಹೋಗಲ್ಲ" ಅಂತ ಮಾರುವವರು ಹೇಳಿದ್ದರಲ್ಲ, ಅವರ ಮುಖ ನೆನಪಾಯಿತು.

ಲ್ಯಾಬಿನದ್ದು ಇನ್ನೂ ನೇರ. 60 ಸೆಂಟಿಗೆ 24,000 ಕೊಟ್ಟಿದ್ದೆ. ಈಗ ಅದೇ ಥರದ ಹೊಸ ಕಲ್ಲು ಅದೇ ಅಂಗಡಿಯಲ್ಲಿ 11,000. ಬೇರೆ ಎರಡು ಕಡೆ ಕೇಳಿದೆ. ಚಿನ್ನ ತೂಗುತ್ತೇವೆ, ಕಲ್ಲು ಬಿಚ್ಚಿ ನಿಮಗೇ ಕೊಡುತ್ತೇವೆ ಅಂದರು. ಕಲ್ಲಿಗೆ ಸೊನ್ನೆ. ಆದರೂ ಲೆಕ್ಕ ಹಾಕಿ ನೋಡಿ: ಪಕ್ಕದ ರಸ್ತೆಯ ದರದಲ್ಲಿ ಗಣಿಯದರಲ್ಲಿ ನಾನು ಕಳೆದುಕೊಳ್ಳುವುದು 43,000. ಲ್ಯಾಬಿನದು ಪೂರ್ತಿ ಮುಳುಗಿದರೂ 24,000. ಮೊಯಿಸನೈಟ್ ಮಾರಲು ಯಾರು ಹೋಗುತ್ತಾರೆ?

ಲ್ಯಾಬ್ ವಜ್ರಕ್ಕೆ ಸರ್ಟಿಫಿಕೇಟ್ ಕೊಡುವ ರೀತಿಯೂ ಬದಲಾಗುತ್ತಿದೆ. ಅಮೆರಿಕದ ಜಿಐಎ ಸಂಸ್ಥೆ 2025ರ ಅಕ್ಟೋಬರಿನಿಂದ ಲ್ಯಾಬ್ ವಜ್ರಕ್ಕೆ ಬಣ್ಣ, ಶುದ್ಧತೆಯ ಅಕ್ಷರಗಳನ್ನು ಕೊಡುವುದನ್ನೇ ಬಿಟ್ಟಿದೆ. ಪ್ರೀಮಿಯಂ, ಸ್ಟ್ಯಾಂಡರ್ಡ್ ಅಂತ ಎರಡೇ ದರ್ಜೆ. ಹಾಗಿರುವಾಗ ಲ್ಯಾಬ್ ಕಲ್ಲಿಗೆ "ಇದು ವಿವಿಎಸ್ (ಶುದ್ಧತೆಯ ಮೇಲ್ದರ್ಜೆ), ಅದಕ್ಕೇ ಇಷ್ಟು" ಅಂತ ಹೆಚ್ಚಿಗೆ ಕೇಳಿದರೆ ನಾನಂತೂ ಕೊಡಲ್ಲ.

ಗಣಿಯದನ್ನೇ ಕೊಳ್ಳುವವರಿಗೆ ನಾನು ಮಾಡಿದ ತಪ್ಪು ಹೇಳುತ್ತೇನೆ. ಬಣ್ಣದ ದರ್ಜೆ ಡಿ ಅಕ್ಷರದಿಂದ ಶುರು, ಝಡ್ ತನಕ. ಡಿ ಅಂದರೆ ಬಣ್ಣವೇ ಇಲ್ಲದ್ದು. ನಾನು ಡಿ ಬೇಕು, ಇ ಬೇಕು ಅಂತ ಹಟ ಹಿಡಿದು ಮೂರು ವಾರ ಅಲೆದೆ. ಕೊನೆಗೆ ನಗರ್ತಪೇಟೆಯ ವಯಸ್ಸಾದ ಅಕ್ಕಸಾಲಿಯೊಬ್ಬರು ಇ ಮತ್ತು ಜಿ ಬಣ್ಣದ ಎರಡು ಕಲ್ಲನ್ನು ಹಳದಿ ಚಿನ್ನದ ಹಾಳೆಯ ಮೇಲಿಟ್ಟು, "ಯಾವುದು ಯಾವುದು ಹೇಳಮ್ಮ" ಅಂದರು. ಗೊತ್ತಾಗಲಿಲ್ಲ. ಚಿನ್ನದ ಹಳದಿಯೇ ಕಲ್ಲಿಗೆ ಬಡಿಯುತ್ತದೆ. ಆಮೇಲೆ ಕಟ್, ಅಂದರೆ ಕಲ್ಲಿನ ಮುಖಗಳನ್ನು ಕೊರೆದ ರೀತಿ, ಸರಿಯಿಲ್ಲದ ಮೂರನೇ ಕಲ್ಲು ಇಟ್ಟರು. ಬಣ್ಣದಲ್ಲಿ ಅದೇ ಮೇಲು, ಆದರೆ ನಡುವೆ ಮಂಜು ಕವಿದ ಹಾಗೆ ಸಪ್ಪೆ. ಅಲ್ಲಿಗೆ ಬಣ್ಣದಲ್ಲಿ ಉಳಿಸಿದ ದುಡ್ಡನ್ನು ಕಟ್‌ಗೆ ಹಾಕಿದೆ. 30 ಸೆಂಟ್, 50 ಸೆಂಟ್ ಮುಟ್ಟಿದೊಡನೆ ದರ ಜಿಗಿಯುತ್ತದೆ ಅನ್ನುವುದು ಮಾತ್ರ ಕೊಂಡ ಮೇಲೆ ತಿಳಿಯಿತು. 28 ಸೆಂಟಿನದು ಸಿಕ್ಕರೆ ಬಿಡಬೇಡಿ, ಕಿವಿಯಲ್ಲಿ ಯಾರಿಗೂ ಗೊತ್ತಾಗಲ್ಲ.

ಬಿಲ್ಲಿನ ಜಗಳವೂ ಒಂದಿತ್ತು. ಓಲೆಯ ಒಟ್ಟು ತೂಕ 3.12 ಗ್ರಾಂ. ಅದರಲ್ಲಿ ಕಲ್ಲು 0.12 ಗ್ರಾಂ. ಅಂಗಡಿಯವರು 3.12ಕ್ಕೂ ಚಿನ್ನದ ದರ ಹಾಕಿದ್ದರು, ಕಲ್ಲಿಗೆ ಬೇರೆ. ಮನೆಗೆ ಬಂದು ನೋಡಿ ವಾಪಸ್ ಹೋಗಿ ಕೇಳಿದ ಮೇಲೆ ಸರಿ ಮಾಡಿದರು. ಏಳು ಕಲ್ಲಿನ ದೊಡ್ಡ ಓಲೆಯಾದರೆ ಈ ಮೊತ್ತ ಸಣ್ಣದಲ್ಲ. ಇನ್ನೊಂದು, ಹಾಲ್‌ಮಾರ್ಕ್ ಹೇಳುವುದು ಚಿನ್ನದ ಬಗ್ಗೆ ಮಾತ್ರ, ಕಲ್ಲಿನ ಬಗ್ಗೆ ಏನೂ ಹೇಳಲ್ಲ. ಗಣಿಯದೋ ಲ್ಯಾಬಿನದೋ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು.

ನಮ್ಮ ಹೆಂಗಸರಿಗೆ ಇನ್ನೊಂದು ಪರೀಕ್ಷೆ ಇದೆ: ಎಣ್ಣೆ. ವಜ್ರಕ್ಕೆ ಜಿಡ್ಡು ಅಂದರೆ ಪ್ರಾಣ. ಗಣಿಗಳಲ್ಲಿ ಜಿಡ್ಡು ಬಳಿದ ಹಲಗೆಯ ಮೇಲೆ ಪುಡಿ ಕಲ್ಲು ಹರಿಸಿ ವಜ್ರ ಹಿಡಿಯುತ್ತಿದ್ದರಂತೆ. ಬೇರೆ ಕಲ್ಲು ನೀರಿನ ಜೊತೆ ಹೋಗುತ್ತವೆ, ವಜ್ರ ಅಂಟಿಕೊಂಡು ನಿಲ್ಲುತ್ತದೆ. ನನ್ನ ಎರಡೂ ವಜ್ರ ಎಣ್ಣೆಸ್ನಾನದ ಮಾರನೇ ದಿನಕ್ಕೆ ಗಾಜಿನ ಚೂರಿನ ಹಾಗೆ ಕಾಣುತ್ತವೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬ್ರಷ್, ಅಷ್ಟು ಸಾಕು. ಓಪನ್ ಸೆಟ್ಟಿಂಗ್ ಆದ್ದರಿಂದ ಹಿಂದಿನಿಂದಲೂ ಉಜ್ಜಬಹುದು. ಅತ್ತೆಯ ಓಲೆ ಹಿಂಬದಿ ಮುಚ್ಚಿದ್ದು. ಅದನ್ನು ನೀರಲ್ಲಿ ನೆನೆಸಿದರೆ ಒಳಗೆ ನೀರು ನಿಂತು ಕಲ್ಲು ಕಪ್ಪಾಗಿ ಕಾಣುತ್ತದೆ. ಅದರ ಬೆಲೆ ಕಟ್ಟಿಸೋಣ ಅಂದರೆ ಕಲ್ಲು ಬಿಚ್ಚಬೇಕು ಅಂದರು. "ನಾನಿರೋ ತನಕ ಬಿಚ್ಚಕೂಡದು" ಅಂತ ಅತ್ತೆ ಮುಗಿಸಿಬಿಟ್ಟರು.

ನಾದಿನಿಗೆ ನಾನು ಹೇಳಿದ್ದು: ಹುಡುಗಿ ದಿನಾ ಹಾಕುವುದಾದರೆ ಲ್ಯಾಬಿನದು, ಮಿಕ್ಕ ದುಡ್ಡಿಗೆ ಚಿನ್ನ. ಅವಳಿಗೂ ಒಪ್ಪಿಗೆಯಾಯಿತು. ಆದರೆ ಹೊರಡುವಾಗ ತಿರುಗಿ ನಿಂತು, "ಅಮ್ಮಾ, ವಜ್ರ ಆಗಿಬರುತ್ತೋ ಇಲ್ಲವೋ ಅಂತ ಮೂರು ದಿನ ಮನೆಯಲ್ಲಿಟ್ಟು ನೋಡಬೇಕಲ್ವಾ? ಲ್ಯಾಬಿನದಕ್ಕೂ ನೋಡಬೇಕಾ?" ಅಂತ ಕೇಳಿದಳು.

"ಮೆಷೀನಲ್ಲಿ ಬೆಳೆದ ಕಲ್ಲಿಗೆ ಯಾವ ದೋಷನೇ?" ಅಂದರು ಅತ್ತೆ.

ಆದರೂ ನನ್ನ ಲ್ಯಾಬ್ ಓಲೆಯನ್ನು ಕೇಳಿ ತೆಗೆದುಕೊಂಡು ಹೋಗಿ ದೇವರ ಮನೆಯಲ್ಲಿ ಇಟ್ಟುಕೊಂಡಳು. ನಾಲ್ಕನೇ ದಿನ ಫೋನು ಬಂತು. ಎಲ್ಲ ಸರಿಯಿದೆಯಂತೆ, ಅಡ್ವಾನ್ಸ್ ಕೊಟ್ಟು ಬಂದಿದ್ದಾಳಂತೆ. ನನ್ನ ಓಲೆ ಇನ್ನೂ ವಾಪಸ್ ಬಂದಿಲ್ಲ.