ಶಿರಸಿಯಲ್ಲಿ ಹಳೇ ಮನೆ ಬಾಡಿಗೆಗೆ ಹಿಡಿಯುವವರೇ, ಮೊದಲು ಸೀಲಿಂಗ್ ಮೇಲೇನಿದೆ ನೋಡಿ

ನಿನ್ನೆ ದೇವಿಕೆರೆ ಕಡೆ ಹೋದಾಗ, ಹೋದ ವರ್ಷ ನಾನು ಬಾಡಿಗೆಗಿದ್ದ ಮನೆಗೆ ಮತ್ತೆ 'ಬಾಡಿಗೆಗೆ ಇದೆ' ಬೋರ್ಡು ಹಾಕಿದ್ದು ಕಂಡಿತು. ಹೊಸ ಬಣ್ಣ, ಹೊಳೆಯುವ ಬಾಗಿಲು, ಏಪ್ರಿಲ್ ಬಿಸಿಲು. ನಾನು ಆಗ ನೋಡಿದಾಗಲೂ ಹೀಗೇ ಇತ್ತು. ಇನ್ನೊಬ್ಬರು ಸಿಕ್ಕಿಬೀಳಬಾರದು, ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಾಚಿಕೆ ಯಾಕೆಂದರೆ ನಾನು ಸಿದ್ದಾಪುರದ ಹಳ್ಳಿಯವಳು. ಹಂಚಿನ ಮನೆಯಲ್ಲೇ ಬೆಳೆದವಳು. ಮೇ ತಿಂಗಳು ಬಂತೆಂದರೆ ಅಪ್ಪ ಮಾಡು ಹತ್ತಿ ಹಂಚು ಕೈಯಾಡಿಸುತ್ತಿದ್ದರು, ಒಡೆದದ್ದು ಬದಲಿಸುತ್ತಿದ್ದರು, ಪಕಾಸಿಗೆ, ಅಂದರೆ ಮಾಡು ಹೊರುವ ಮರದ ತೊಲೆಗೆ, ಒರಲೆ (ಗೆದ್ದಲು) ಹಿಡಿದಿದೆಯಾ ಅಂತ ತಟ್ಟಿ ನೋಡುತ್ತಿದ್ದರು. ಇದನ್ನೆಲ್ಲ ಕಂಡೂ ಮೋಸ ಹೋದೆ.

ಮನೆ 1936ರದ್ದಂತೆ. "ಶಿರಸಿ ಮುಂಬೈ ಪ್ರಾಂತ್ಯದಲ್ಲಿ ಇದ್ದಾಗ ನಮ್ಮಜ್ಜ ಕಟ್ಟಿಸಿದ್ದು ತಂಗಿ, ಈಗಿನ ಸಿಮೆಂಟ್ ಮನೆ ಹಾಗಲ್ಲ" ಅಂದರು ಮಾಲೀಕರು. ಚಿರೇಕಲ್ಲಿನ ದಪ್ಪ ಗೋಡೆ, ಮಂಗಳೂರು ಹಂಚು. ಒಳಗೆ ಮಾತ್ರ ಎಲ್ಲ ಹೊಸದು. ಪುಟ್ಟಿ ಹಚ್ಚಿದ ಗೋಡೆ, ಬೆಳ್ಳಗಿನ ಪಿಒಪಿ ಸೀಲಿಂಗ್, ಅದರಲ್ಲಿ ಸಣ್ಣ ಸಣ್ಣ ದೀಪ. ಪೇಟೆ ಹತ್ತಿರ, ಮಾರಿಗುಡಿಗೆ ನಡೆದೇ ಹೋಗಬಹುದು. ಬಾಡಿಗೆ 9,500, ಅಡ್ವಾನ್ಸ್ 60,000, ಎಲ್ಲರೂ ಮಾಡುವ ಹಾಗೆ 11 ತಿಂಗಳ ಕರಾರು. ಆರು ತಿಂಗಳೊಳಗೆ ಬಿಟ್ಟರೆ ಅಡ್ವಾನ್ಸ್ ವಾಪಸ್ ಇಲ್ಲ ಅಂತ ಒಂದು ಸಾಲು ಇತ್ತು. ಕೇಳಿದೆ. "ಅದು ಸುಮ್ನೆ ಬರೆಯೋದು" ಅಂದರು. ಸಹಿ ಹಾಕಿದೆ.

ಮೃಗಶಿರಾ ಮಳೆಗೆ ಏನೂ ಆಗಲಿಲ್ಲ. ಆರ್ದ್ರಾ ಹಿಡಿದ ಮೂರನೇ ರಾತ್ರಿ ದೀಪದ ತೂತಿನಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಬೆಳಗಾಗುವಾಗ ಸೀಲಿಂಗ್ ಹೊಟ್ಟೆ ಬಿಟ್ಟಿತ್ತು. ಫೋನ್ ಮಾಡಿದೆ.

"ಹಳೇ ಮನೆ ತಂಗಿ, ಒಂದೆರಡು ಹನಿ ಬೀಳ್ತದೆ. ಒಂದು ಬಕೆಟ್ ಇಡು."

ಮೂರು ದಿನ ಬಿಟ್ಟು, "ಈ ಮಳೆಯಲ್ಲಿ ಮಾಡು ಹತ್ತೋಕೆ ಯಾರು ಬರ್ತಾರೆ? ಹೊಳವಾಗಲಿ."

ಗೋಡೆಗೆ ಬೂಷ್ಟು ಬಂತು ಅಂದಾಗ, "ನೀನು ಕಿಟಕಿ ತೆಗೆದಿಟ್ಟಿದ್ದಿ, ಅದಕ್ಕೇ ಥಂಡಿ."

ಆಮೇಲೆ ಫೋನೇ ಎತ್ತಲಿಲ್ಲ.

ಜುಲೈನಲ್ಲಿ ಒಂದು ಸಂಜೆ ಸೀಲಿಂಗಿನ ತುಂಡು ಕಳಚಿ ಮಂಚದ ಮೇಲೆ ಬಿತ್ತು. ನಾನು ಅಡುಗೆ ಮನೆಯಲ್ಲಿದ್ದೆ, ಬಚಾವಾದೆ. ಟಾರ್ಚ್ ಹಿಡಿದು ಮೇಲೆ ನೋಡಿದೆ. ಪಕಾಸನ್ನು ಒರಲೆ ತಿಂದು ಹಾಕಿತ್ತು. ಹಂಚು ಕೂರುವ ಮರದ ಪಟ್ಟಿಗಳ, ಅಂದರೆ ರೀಪಿನ, ತುಂಡುಗಳನ್ನು ತಂತಿಯಲ್ಲಿ ಕಟ್ಟಿದ್ದರು. ಒಡೆದ ಹಂಚಿನ ಸಂದಿಗೆ ತಾಡಪತ್ರಿ ತುರುಕಿದ್ದರು. ಒಂದು ಹಂಚನ್ನೂ ಬದಲಿಸಿಲ್ಲ! ರಿಪೇರಿ ಅಂದರೆ ಮುಚ್ಚುವುದು, ಅಷ್ಟೇ. ಅದರ ಕೆಳಗೆ ನಾನು ಮೂರು ತಿಂಗಳು ಮಲಗಿದ್ದೆ. ಗೋಡೆದೂ ಅದೇ ಕಥೆ. ಸುಣ್ಣದ ಗಾರೆಯ ಗೋಡೆ ಎಳೆದುಕೊಂಡ ತೇವವನ್ನು ಹೊರಗೆ ಬಿಡಬೇಕು, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಮೆತ್ತಿದರೆ ತೇವ ಒಳಗೇ ಕೂರುತ್ತದೆ ಅಂತ ಪರಿಚಯದ ಗೌಂಡಿ ಹೇಳಿದರು.

ಎದುರು ಮನೆಯ ಅಕ್ಕ ಬಂದು ನೋಡಿ, "ನಿಂಗೂ ಆಯ್ತಾ? ಹೋದ ಸಲ ಇದ್ದವರೂ ಜುಲೈನಲ್ಲೇ ಬಿಟ್ಟರು" ಅಂದರು.

ಆಗ ತಲೆಗೆ ಹೋಯಿತು. ಏಪ್ರಿಲ್‌ನಿಂದ ಆರು ತಿಂಗಳು ಅಂದರೆ ಸೆಪ್ಟೆಂಬರ್ ಮುಗಿಯಬೇಕು. ಮಳೆಗಾಲ ಪೂರ್ತಿ ಆ ಸಾಲಿನ ಒಳಗೇ ಇದೆ. ಸುಮ್ನೆ ಬರೆದದ್ದಲ್ಲ ಅದು. ಖಂಡಿತ ಅಲ್ಲ.

ಜುಲೈ ಕೊನೆಗೆ ಖಾಲಿ ಮಾಡಿ ದುಡ್ಡು ಕೇಳಿದೆ. "ಕರಾರಿನಲ್ಲಿ ಇದೆಯಲ್ಲ ತಂಗಿ. ಓದಿಯೇ ಸಹಿ ಹಾಕಿದ್ದಲ್ವಾ?" ಈ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ. ಅಣ್ಣ ಹೋಗಿ ಜೋರು ಮಾಡಿದ ಮೇಲೆ 15,000 ಕೊಟ್ಟರು. ಉಳಿದದ್ದು ಸೀಲಿಂಗ್‌ಗೆ, ಬಣ್ಣಕ್ಕೆ ಅಂತೆ. ನನ್ನ ಮಂಚದ ಮೇಲೆ ಬಿದ್ದ ಸೀಲಿಂಗ್‌ಗೆ ನನ್ನದೇ ದುಡ್ಡು! ನಿನ್ನೆ ಕಂಡ ಆ ಹೊಸ ಬಣ್ಣವೂ ನನ್ನದೇ 45,000ದಲ್ಲಿ ಆಗಿದ್ದು.

ಹಳೇ ಮನೆಯನ್ನು ಬೇಸಿಗೆಯಲ್ಲಿ ನೋಡಿ ಒಪ್ಪಬೇಡಿ. ಮಳೆಗಾಲದವರೆಗೆ ಕಾಯಲು ಆಗದಿದ್ದರೆ ಸೀಲಿಂಗಿನ ಒಂದು ದೀಪ ಬಿಚ್ಚಿಸಿ, ಟಾರ್ಚ್ ಬಿಟ್ಟು ನೋಡಿ. ಬಿಡುವುದಿಲ್ಲ ಅಂದರೆ ಎದ್ದು ಬನ್ನಿ. ಸುಮ್ನೆ ಬರೆದದ್ದು ಅಂದರೆ ಆ ಸಾಲನ್ನು ಅಲ್ಲೇ ಹೊಡೆದು ಹಾಕಿಸಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿ.

ಬ್ರೋಕರ್ ಮಾತು ಬಿಡಿ, ಅಕ್ಕಪಕ್ಕದವರನ್ನು ಕೇಳಿ. ಎದುರು ಮನೆಯ ಅಕ್ಕ, ನಾನು ಮನೆ ನೋಡಲು ಬಂದ ದಿನ ಜಗಲಿಯಲ್ಲೇ ಕೂತಿದ್ದರಂತೆ. ಕೇಳಿದ್ದರೆ ಆಗಲೇ ಹೇಳುತ್ತಿದ್ದರಂತೆ.