ವೆಲ್ಡಿಂಗ್ ಅಂಗಡ್ಯಾಗ ಮಾಡಿಸಿದ ಬೆಕ್ಕಿನ ಬೋನು, 5ಕ್ಕ ಮೂರೂವರಿ ಸ್ಟಾರ್

ನಂದು ನೆಹರು ಗಂಜಿನಾಗ ಅಡತ್ ಅಂಗಡಿ ಅದ. ಕಲಬುರಗಿ ಗಂಜ್ ಅಂದಮ್ಯಾಲ ತೊಗರಿ, ತೊಗರಿ ಅಂದಮ್ಯಾಲ ಇಲಿ, ಇಲಿ ಅಂದಮ್ಯಾಲ ಬೆಕ್ಕು, ಇದು ನಮಗೇನು ಹೊಸಾದಲ್ಲ. ಆದ್ರ ಗೋದಾಮಿನಾಗ ಮೂರು ಬಣ್ಣದ್ದು ಒಂದು ಬೆಕ್ಕು ಚೀಲದ ನಿಟ್ಟಿನ ಹಿಂದ ಒಂದೇ ವರ್ಷದಾಗ ಎರಡು ಸಲ ಈದು, ಮೊದಲನೇ ಸಲದ ಮರಿಯೊಳಗ ಒಂದೂ ಉಳೀಲಿಲ್ಲ. ಎರಡನೇ ಸಲ ಮೂರು ಮರಿ ನೋಡಿದ್ಮ್ಯಾಲ ಇದಕ್ಕ ಮತ್ತ ಮರಿ ಆಗದಂಗ ಆಪರೇಷನ್ ಮಾಡಿಸೋದೇ ಸೈ ಅಂತ ಕುಂತೆ. ಕೈಲೇ ಹಿಡೀತೀನಂತ ಹೋದ ಹಮಾಲ ಒಬ್ಬಾಂವ ಬೆರಳು ಕಚ್ಚಿಸ್ಕೊಂಡು ಇಂಜೆಕ್ಷನ್‌ಗಾಗಿ ಸರ್ಕಾರಿ ದವಾಖಾನಿಗೆ ನಾಕು ಸಲ ತಿರುಗ್ಯಾನ. ಅದಕ್ಕ ಬೋನೇ ಬೇಕಾತು. ಆನ್‌ಲೈನ್‌ನಾಗ ರೇಟ್ ನೋಡಿ ಫೋನ್ ಸುಮ್ನ ಕಿಸೇಕ ಇಟ್ಟು ವೆಲ್ಡಿಂಗ್ ಅಂಗಡೀಗೆ ಹೋದೆ.

ಅಂಗಡಿ ಹೆಸರು ಹಾಕಂಗಿಲ್ಲ, ಯಾಕಂದ್ರ ಮೊದಲನೇ ಬೋನು ಪೂರಾ ಫೇಲು, ಮತ್ತ ಅದರಾಗ ಅರ್ಧ ತಪ್ಪು ನಂದೇ. "ಚಾಚಾ, ಇಲಿ ಬೋನಿನಂಥದ್ದು, ದೊಡ್ಡದು" ಅಂದಿದ್ನಿ. ಚಾಚಾ ನಕ್ಕೊಂತ "ಹುಲಿ ಹಿಡೀತೀರೇನ್ರಿ ಸೇಠ್?" ಅಂದ, ಹೇಳಿದಂಗೇ ಮಾಡಿಕೊಟ್ಟ. 24 ಇಂಚು ಉದ್ದ, ಒಳಗ ಇಲಿ ಬೋನಿನಂಗ ಒಂದು ಕೊಂಡಿ, ಕೊಂಡ್ಯಾಗ ತಿನ್ಲಾಕ ಸಿಗಿಸೋದು, ಎಳದ್ರ ಬಾಗಲ ಬೀಳೋದು. ಬೆಕ್ಕು ಇಲಿಯಂಗ ಪೂರ್ತಿ ಒಳಗ ಹೋಗಂಗಿಲ್ಲರಿ, ಅರ್ಧ ಮೈ ಹೊರಗ ಇಟ್ಕೊಂಡು ಕುತ್ತಿಗಿ ಉದ್ದ ಮಾಡಿ ಎಳೀತದ. ಬಾಗಲ ನಡಕ್ಕ ಬಿತ್ತು. ಪುಣ್ಯಾಕ ಪೆಟ್ಟು ಜಾಸ್ತಿ ಆಗ್ಲಿಲ್ಲ, ಚಂಗ್ ಅಂತ ಹಾರಿ ಹೋಗಿದ್ದು ಎಂಟು ದಿನ ಆ ಕಡಿ ಸುಳೀಲೇ ಇಲ್ಲ. ಮ್ಯಾಲ ಜಾಳಗಿ ತುಂಡು ಮಾಡಿದ ಕಡಿ ತಂತಿ ಮೊನಿ ಎಲ್ಲಾ ಒಳಗಿನ ಕಡೀಗೇ ಇದ್ದವು, ನನ್ನ ಮುಂಗೈ ಗೀರಿದ್ಮ್ಯಾಲ ಗೊತ್ತಾತು. ಒಳಗ ಸಿಕ್ಕ ಪಳಗದ ಬೆಕ್ಕು ಮೂತಿಲೇ ಜಾಳಗಿ ತಿವೀತದ, ಮೂಗು ಕಿತ್ತು ಹೋಗ್ತಿತ್ತು.

ವಾಪಸ್ ಒಯ್ದೆ. ಇಲ್ಲೇ ಚಾಚಾಗ ಮಾರ್ಕ್ಸ್ ಕೊಡೋದು, ಒಂದು ಮಾತು ತಿರುಗಿ ಮಾತಾಡ್ಲಿಲ್ಲ, ಕುಂತು ಕೇಳಿದ. ಈಗಿನದು 36 ಇಂಚು ಉದ್ದ, 14 ಎತ್ತರ, ಅರ್ಧ ಇಂಚಿನ ಜಾಳಗಿ. ಕೊಂಡಿ ತಗದು ಒಳಗ ಕಾಲು ಇಡೋ ತಗಡು ಹಾಕ್ಯಾನ, ತಿನ್ಲಾಕ ಇಡೋದು ತಗಡಿನ ಆ ಕಡಿ, ಹಂಗಾಗಿ ಬೆಕ್ಕು ಬಾಲ ಸಮೇತ ಒಳಗ ಬಂದಮ್ಯಾಲೇ ಬಾಗಲ ಬೀಳೋದು. ಬಾಗಲದ ಕೆಳಗಿನ ಅಂಚಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದು ನಾನು. ಹಿಂದ ಇನ್ನೊಂದು ಬಾಗಲ, ನಡುವ ಮ್ಯಾಲಿಂದ ಇಳಿಸಲಾಕ ಸರಳಿನ ಬಾಚಣಿಗಿಯಂಥದ್ದು ಒಂದು. ಎಲ್ಲಾ ಸೇರಿ 2200 ರೂಪಾಯಿ. ಒಂದೇ ಸಿಟ್ಟು ಅಂದ್ರ "ನಾಳಿ ಬರ್ರಿ" ಅಂತ ಆರು ಸಲ ಅಡ್ಡಾಡಿಸ್ಯಾನ, ಒಂದೂವರಿ ಸ್ಟಾರ್ ಅದಕ್ಕೇ ಕಟ್.

ಬೋನು ತಂದ ದಿನಾನೇ ಹಿಡೀಲಾಕ ಹೋಗಬ್ಯಾಡ್ರಿ. ನಾನು ಐದು ದಿನ ಬಾಗಲ ಕಟ್ಟಿಟ್ಟು ಒಳಗೇ ಊಟ ಇಟ್ಟೀನಿ, ತಗಡು ಕಾಣಬಾರ್ದಂತ ಮ್ಯಾಲ ಪೇಪರ್ ಹಾಸೀನಿ. ಮತ್ತ ನಮ್ಮ ಬಿಸಲಾಗ ಹಗಲೊತ್ತು ಬ್ಯಾಡೇ ಬ್ಯಾಡ, ಕಬ್ಬಿಣ ಕಾದು ಹಂಚು ಆಗ್ತದ. ಆರನೇ ದಿನ ರಾತ್ರಿ ಉಗುರಿನಷ್ಟು ಕಲೇಜಿ ಇಟ್ಟು ಲಾರಿ ಹಿಂದ ಅಡಗಿ ಕುಂತ್ನಿ. ಬಂತು, ಮೂಸಿ ನೋಡ್ತು, ಹೋತು. ಕಡೀಗೆ ಮರಿಗೋಳ್ನ ಬುಟ್ಟ್ಯಾಗ ಹಾಕಿ ಬೋನಿನ ಹಿಂದಿನ ಜಾಳಗಿಗೆ ತಾಗಿಸಿ ಇಟ್ಟೆ, ಒಂದು ಮರಿ ಮಿಯಾಂವ್ ಅಂದಿದ್ದೇ ತಡ, ತಾಯಿ ಕಲೇಜಿ ಕಡಿ ನೋಡ್ಲಿಲ್ಲರಿ, ಸೀದಾ ಒಳಗ. ಧಡ್! ಕೂಡ್ಲೇ ಗೋಣಿಚೀಲ ಮುಚ್ಚಿದ್ನಿ. ಕತ್ತಲಾದ್ರ ಅರ್ಧ ನಿಮಿಷದಾಗ ತಣ್ಣಗಾಗ್ತದ, ಮುಚ್ಚಲಿಲ್ಲಂದ್ರ ಮೈ ಗಾಯ ಮಾಡ್ಕೊಂತದ.

ಆ ಬಾಚಣಿಗಿಯ ಕಿಮ್ಮತ್ತು ತಿಳಿದಿದ್ದು ಡಾಕ್ಟರ್ ಹತ್ರ. ಅದನ್ನ ಇಳಿಸಿ ಬೆಕ್ಕನ್ನ ಒಂದು ಮೂಲಿಗೆ ಒತ್ತಿ ಹಿಡದ್ರ ಜಾಳಗಿ ಹೊರಗಿಂದೇ ಮತ್ತು ಬರೋ ಇಂಜೆಕ್ಷನ್ ಚುಚ್ಚಬಹುದು, ಯಾರೂ ಕೈ ಹಾಕಂಗಿಲ್ಲ. ಮತ್ತಿನಾಗ ಇದ್ದಾಗೇ ಎಡಗಿವಿ ತುದಿ ಒಂದೀಟು ಕತ್ತರಿಸ್ತಾರ, ಆಪರೇಷನ್ ಆಗ್ಯಾದ ಅಂತ ದೂರಿಂದೇ ಗುರ್ತು, ಇಲ್ಲಂದ್ರ ಮತ್ತ ಅದನ್ನೇ ಹಿಡದು ಹೊಟ್ಟಿ ಕೊಯ್ಯೋದು. "ಗಂಡೋ ಹೆಣ್ಣೋ" ಅಂತ ಯಾರೂ ಕೇಳ್ಲೂ ಇಲ್ಲ, ಮೂರು ಬಣ್ಣದ್ದು ಹೆಚ್ಚುಕಮ್ಮಿ ಎಲ್ಲಾ ಹೆಣ್ಣೇ. ಒಂದು ರಾತ್ರಿ ಬೋನಿನಾಗೇ ಇಟ್ಟು ಮರುದಿನ ಸಂಜೀಗೆ ಅದೇ ಗೋದಾಮಿನಾಗ ಬಿಟ್ಟೆ. ಮನಿಗೆ ತಂದು ಸಾಕೋ ಜಾತಿ ಅಲ್ಲ ಅದು, ಮಂದಿ ಕೈಯಾಗ ಬೆಳೀದೆ ದೊಡ್ಡದಾದ ಬೆಕ್ಕು ಪಳಗೋದು ಕಷ್ಟ.

ಮರಿ ಹಂಗಲ್ಲ, ಎಂಟು ವಾರದೊಳಗ ಕೈಗೆ ಸಿಕ್ರ ಪಳಗ್ತಾವ. ಇವು ಐದು ವಾರದವು ಇದ್ದವು, ನಮ್ಮ ಸ್ಯಾಂಪಲ್ ತೂಗೋ ತಕ್ಕಡ್ಯಾಗ ಇಟ್ರ 480, 455, ಸಣ್ಣದು ಬರೇ 370 ಗ್ರಾಂ. ಅಂಗಡಿ ಹುಡುಗ ಆಕಳ ಹಾಲು ಕುಡಿಸಿ ಎರಡು ದಿನ ಮೂರಕ್ಕೂ ಹೊಟ್ಟಿ ಹರದು ಸಾಕಾತು, ಆಮ್ಯಾಲ ಕುದಿಸಿದ ಕೋಳಿ ಅರದು ಕೊಟ್ಟು ಸುಧಾರಿಸಿದವು. ಈಗ ಎರಡು ಜೇವರ್ಗಿ ರೋಡಿನ ನಮ್ಮ ಅಕ್ಕನ ಮನ್ಯಾಗ ಅವ, ಸಣ್ಣದು ನನ್ನ ಗಾದಿ ಮ್ಯಾಲ ಕುಂತು ವ್ಯಾಪಾರಿಗೋಳ ಪಟ್ಟಿ ಹರೀಲಾಕತ್ತದ.

ಬೋನು ಬೇಕಂದ್ರ ಒಯ್ರಿ, ಬಾಡಿಗಿ ಇಲ್ಲ. ಆದ್ರ ತೊಳದು ಕೊಡ್ರಿ, ಅದೂ ಫಿನಾಯಿಲ್ ಹಾಕಿ ತೊಳೀಬ್ಯಾಡ್ರಿ, ಬೆಕ್ಕಿಗೆ ಅದು ವಿಷ. ಬ್ಲೀಚಿಂಗ್ ನೀರು ಹಾಕಿ, ಮ್ಯಾಲ ಬರೇ ನೀರಿಲೆ ಜಾಲಿಸಿ ಬಿಸಲಿಗೆ ಇಡ್ರಿ. ಹ್ವಾದ ತಿಂಗಳು ಒಯ್ದವರು ಘಮಘಮ ಫಿನಾಯಿಲ್ ಹಾಕಿ ಕೊಟ್ಟಾರ, ಇನ್ನೂ ಮಾಳಗಿ ಮ್ಯಾಲ ಒಣಗಲಾಕತ್ತದ.