ಟಾಟಾ ಇನ್‌ಸ್ಟಿಟ್ಯೂಟ್ ಓಪನ್ ಡೇ: ಒಬ್ಬ ಲೈನ್‌ಮನ್ ಕಂಡ ಹಾಗೆ

ನಾನು ಲೈನ್‌ಮನ್. ಊರು ಗುಬ್ಬಿ ಕಡೆ. ಕಂಬ ಹತ್ತಲು ಶುರು ಮಾಡಿ 26 ವರ್ಷ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಗೇಟು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತದೆ. ಆಟೋದವರಿಗೆ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ. ಒಂಬತ್ತನೇ ಕ್ಲಾಸಿನ ಮಗಳು ಹಟ ಹಿಡಿದಳು ಅಂತ ರೈಲು ಹತ್ತಿ ಯಶವಂತಪುರದಲ್ಲಿ ಇಳಿದೆವು. ಟಿಕೆಟ್ ಇಲ್ಲ, ದುಡ್ಡಿಲ್ಲ.

ಫೆಬ್ರುವರಿ 28 ವಿಜ್ಞಾನ ದಿನ ಅಲ್ವಾ? ಸರ್ ಸಿ.ವಿ. ರಾಮನ್ 1928ರಲ್ಲಿ ತಮ್ಮ ಶೋಧ ಕಂಡ ದಿನ ಅದು. ಓಪನ್ ಡೇ ಅದರ ಆಸುಪಾಸಿನ ಒಂದು ಶನಿವಾರ ಬರುತ್ತದೆ. ಅದೇ ರಾಮನ್ 1933ರಲ್ಲಿ ಇಲ್ಲಿಗೆ ನಿರ್ದೇಶಕರಾಗಿ ಬಂದರು ಅಂತ ಮಗಳು ದಾರಿಯಲ್ಲೇ ಹೇಳಿದಳು. ಜಾಗ ಮೈಸೂರು ಸಂಸ್ಥಾನ ಕೊಟ್ಟಿದ್ದು, 371 ಎಕರೆ. ಒಳಗೆ ಕಾಡಿನ ಹಾಗೆ ಮರಗಳು.

ಮಗಳಿಗೆ ದ್ರವ ಸಾರಜನಕ ಇಷ್ಟವಾಯಿತು. ಮೈನಸ್ 196 ಡಿಗ್ರಿ. ಅದರಲ್ಲಿ ಅದ್ದಿದ ಹೂವನ್ನು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಪುಡಿ. ಇರುವೆ, ಕಣಜ ಇಟ್ಟಿದ್ದ ಕಡೆಯಿಂದ ಅವಳನ್ನು ಎಬ್ಬಿಸಿಕೊಂಡು ಬರಲು ಸಾಕಾಯಿತು.

ನನಗೆ ಬೇಕಿದ್ದದ್ದು ಹೈ ವೋಲ್ಟೇಜ್ ಲ್ಯಾಬ್. ಸಾಲು ಉದ್ದ ಇತ್ತು. ಎಷ್ಟು ಹೊತ್ತಾದರೂ ನಿಲ್ಲುತ್ತೇನೆ ಅಂತ ನಿಂತೆ.

ಅಲ್ಲಿ ಮಿಂಚು ಹುಟ್ಟಿಸುತ್ತಾರೆ. ಚಾರ್ಜ್ ಕೂಡಿಡುವ ಕೆಪಾಸಿಟರ್‌ಗಳನ್ನು ಪ್ಯಾರಲಲ್‌ನಲ್ಲಿ, ಅಂದರೆ ಅಕ್ಕಪಕ್ಕ ಜೋಡಿಸಿ, ಚಾರ್ಜ್ ಮಾಡುತ್ತಾರೆ. ಆಮೇಲೆ ಒಂದೇ ಕ್ಷಣಕ್ಕೆ ಎಲ್ಲವೂ ಸೀರೀಸ್‌ಗೆ ಬರುತ್ತವೆ, ಟಾರ್ಚಿಗೆ ಸೆಲ್ ಒಂದರ ಹಿಂದೊಂದು ಹಾಕಿದ ಹಾಗೆ. ವೋಲ್ಟೇಜು ಲಕ್ಷಗಟ್ಟಲೆ ಏರುತ್ತದೆ. ಒಂದು ಸೆಂಟಿಮೀಟರ್ ಗಾಳಿ ಸೀಳಲು ಸುಮಾರು 30,000 ವೋಲ್ಟ್ ಬೇಕಂತೆ. ಫಟಾರ್ ಅಂತ ಸದ್ದು. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಕೈ ಮಾತ್ರ ತಾನಾಗಿ ಮಗಳನ್ನು ಹಿಂದಕ್ಕೆ ಎಳೆದಿತ್ತು.

ಪಕ್ಕದ ಮೇಜಿನ ಮೇಲೆ ನಮ್ಮ ಡಿಸ್ಕ್ ಇನ್ಸುಲೇಟರ್! ತಂತಿಯ ಕರೆಂಟು ಕಂಬಕ್ಕೆ ಹರಿಯದ ಹಾಗೆ ತಡೆಯುವ ಬಿಲ್ಲೆ ಅದು. ಸಂಶೋಧನೆ ಮಾಡುವ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಕನ್ನಡದಲ್ಲಿ ಹೇಳ್ತೀರಾ ಮೇಡಂ ಅಂದೆ. ತಕ್ಷಣ ದಾವಣಗೆರೆ ಕಡೆಯ ಕನ್ನಡ ಶುರುವಾಯಿತು. ಎಷ್ಟೋ ವರ್ಷದಿಂದ ತಲೆಯಲ್ಲಿ ಇದ್ದ ಪ್ರಶ್ನೆ ಕೇಳಿಬಿಟ್ಟೆ. ಜೋರು ಮಳೆಗೆ ಏನೂ ಆಗದ ಡಿಸ್ಕು, ಬೇಸಿಗೆ ಕಳೆದು ಬೀಳುವ ಮೊದಲ ತುಂತುರಿಗೆ ಯಾಕೆ ಸಿಡಿಯುತ್ತದೆ?

ಅವಳು ಡಿಸ್ಕನ್ನು ಬೋರಲು ಹಾಕಿದಳು. "ಒಣ ಧೂಳು ಕರೆಂಟ್ ಹರಿಯಲು ಬಿಡಲ್ಲ ಸರ್. ತುಂತುರು ಬಿದ್ದರೆ, ಇಬ್ಬನಿ ಕೂತರೆ, ಧೂಳಿನ ಉಪ್ಪು ಕರಗಿ ದಾರಿ ಆಗುತ್ತೆ. ಜೋರು ಮಳೆ ಬಂದರೆ ಧೂಳನ್ನೇ ತೊಳೆದುಬಿಡುತ್ತೆ." ಆಮೇಲೆ ಅಡಿಭಾಗದ ಏಣುಗಳ ಮೇಲೆ ಬೆರಳು ಓಡಿಸಿದಳು, ಒಂದೊಂದೇ ಹತ್ತಿಸಿ ಇಳಿಸಿ. ಕರೆಂಟು ಸೋರಬೇಕಾದರೆ ಅಷ್ಟು ದೂರ ನಡೆಯಬೇಕು, ಅದಕ್ಕೇ ಈ ಏಣು. ನೂರಾರು ಡಿಸ್ಕ್ ಬದಲಾಯಿಸಿದ್ದೇನೆ. ಆ ಏಣು ಯಾಕಿದೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಮೇಲೆ ಪ್ರಶ್ನೆ ಕೇಳುವ ಸರದಿ ಅವಳದು. ನಿಮ್ಮ ಕಡೆ ಯಾವ ಲೈನಿನಲ್ಲಿ ಡಿಸ್ಕ್ ಜಾಸ್ತಿ ಹೋಗುತ್ತೆ? ಜಲ್ಲಿ ಕ್ರಷರ್ ಹತ್ತಿರದ್ದು ಅಂದೆ. ಬೆಳಗಿನ ಜಾವವಾ? ಹೌದು. ಪುಸ್ತಕ ತೆಗೆದು ಬರೆದುಕೊಂಡಳು. ನನ್ನ ಮಾತನ್ನು ಅಲ್ಲಿ ಬರೆದುಕೊಂಡರಲ್ಲ ಅಂತ ಗಂಟಲು ಕಟ್ಟಿತು.

ಇನ್ನೊಂದು ನೋಡಿದೆ. ಮಿಂಚು ಬಿಟ್ಟ ಮೇಲೆ ಅಲ್ಲಿನವರು ಯಾರೂ ಸುಮ್ನೆ ಹತ್ತಿರ ಹೋಗುವುದಿಲ್ಲ. ಉದ್ದ ಕೋಲಿನ ಕೊಕ್ಕೆ ತಾಗಿಸಿ ಅರ್ಥ್ ಮಾಡಿ, ಅಂದರೆ ಉಳಿದ ಚಾರ್ಜನ್ನು ನೆಲಕ್ಕೆ ಇಳಿಸಿ, ಆಮೇಲೇ ಕೈ ಹಾಕುತ್ತಾರೆ. ಸ್ವಿಚ್ ಆಫ್ ಆದರೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. "ಅಪ್ಪ, ನೀನೂ ಹೀಗೇ ಮಾಡ್ತೀಯಲ್ಲ?" ಅಂದಳು ಮಗಳು. ಹೀಗೇ ಅಂದೆ. ಲೈನನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್ ಹಾಕದೆ ಹತ್ತಿದ ಗೆಳೆಯನೊಬ್ಬನನ್ನು ಕಳೆದುಕೊಂಡಿದ್ದೇನೆ. ಅವಳಿಗೆ ಅದು ಗೊತ್ತು.

ಹೋಗುವವರಿಗೆ ಹೇಳುವುದಿಷ್ಟು. ಬೆಳಿಗ್ಗೆ ಬೇಗ ಹೋಗಿ. ನಡೆಯುವುದು ತುಂಬಾ ಇದೆ, ಒಳ್ಳೆ ಚಪ್ಪಲಿ ಹಾಕಿ. ಎಲ್ಲಾ ವಿಭಾಗ ನೋಡುತ್ತೇನೆ ಅಂತ ಓಡಬೇಡಿ. ನಿಮ್ಮ ಕೆಲಸಕ್ಕೆ ಹತ್ತಿರ ಇರುವ ಎರಡು ಲ್ಯಾಬ್ ಆರಿಸಿಕೊಳ್ಳಿ. ರೈತರಾದರೆ ಗಿಡ, ಕೀಟದ ಕಡೆ, ಗ್ಯಾರೇಜಿನವರಾದರೆ ಯಂತ್ರದ ಕಡೆ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ನನ್ನನ್ನು ಕೇಳಿದರೆ ಇದಕ್ಕೆ ಒಂದು ದಿನ ಸಾಲದು, ಒಂದು ವಾರ ಇಡಬೇಕು.

ಸೋಮವಾರ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ಕ್ರಷರ್ ಹತ್ತಿರದ ಲೈನ್ ಹತ್ತಿದೆ. ಅರ್ಥ್ ರಾಡ್ ಹಾಕಿ, ಬಟ್ಟೆ ಒದ್ದೆ ಮಾಡಿಕೊಂಡು, ಈ ಸಲ ಡಿಸ್ಕಿನ ಅಡಿಯ ಏಣುಗಳಿಂದ ಶುರು ಮಾಡಿದೆ. ಬಟ್ಟೆ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತು.